ಸಾಕೆಟ್ಟು ಹೊತ್ತ ಭಾರ

ಮೇಷ್ಟ್ರು: ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ಈ ಪೆಟ್ಟಿಗೆಯನ್ನು ತೊಡೆಯ ಮೇಲಿರಿಸಿಕೊಂಡು ಬಸ್ಸಿನಲ್ಲಿ ಬಂದಿದ್ದೇನಪ್ಪಾ. ವಿಸಿಪಿ, ಅಂದರೆ ವೀಡಿಯೋ ಕ್ಯಾಸೆಟ್ ಪ್ಲೇಯರ್, ಎಂಬ ಹೆಸರನ್ನೇ ಈಗಿನ ತರುಣರು ಅರಿಯರು. ಪಕ್ಕದಲ್ಲಿ ಕುಳಿತಿದ್ದವನೊಬ್ಬನು ಇದು ಬ್ಯಾಂಕಿನಲ್ಲಿ ನೋಟೆಣಿಸುವ ಯಂತ್ರವೇ ಎಂದು ವಿನಯಪೂರ್ವಕವಾಗಿ ವಿಚಾರಿಸಿದನು. ವ್ಯಾಧಿ ಇಷ್ಟೇ: ಹಿಂಬದಿಯಲ್ಲಿ ವೈರು ಚುಚ್ಚುವ ಸಾಕೆಟ್ಟು ಅಲ್ಲಾಡುತ್ತಿದೆ. ವೈರಿನ ತಲೆಯನ್ನು ಎಡಕ್ಕೆ ಒತ್ತಿ ಹಿಡಿದರೆ ಚಿತ್ರ ಕಾಣಿಸುವುದು, ಕೈಬಿಟ್ಟೊಡನೆ ಮಾಯವಾಗುವುದು. ಎಸೆದುಬಿಡಿ ಎಂಬುದು ಮನೆಯವರೆಲ್ಲರ ಒಮ್ಮತದ ತೀರ್ಮಾನ.

ಮೆಕ್ಯಾನಿಕ್: ಕುಳಿತುಕೊಳ್ಳಿ ಮೇಷ್ಟ್ರೇ. ತಮ್ಮ ಕೈಯಲ್ಲಿ ಏಳನೆಯ ತರಗತಿ ಕಲಿತವನು ನಾನು. ತಾವು ತಂದ ಯಂತ್ರವನ್ನು ಎಸೆಯಿರೆಂದು ಹೇಳುವ ಧೈರ್ಯ ನನಗಿಲ್ಲ. ಮೊದಲು ಇದು ತಿಳಿಯಬೇಕು: ಕೆಟ್ಟಿರುವುದು ಯಾವ ಸಾಕೆಟ್ಟು? ಇದರ ಬೆನ್ನಿನಲ್ಲಿ ಆಂಟೆನಾ ವೈರಿನ ದೊಡ್ಡ ಸಾಕೆಟ್ಟುಗಳಿವೆ. ಅವಲ್ಲದೆ ಚಿತ್ರಕ್ಕೊಂದು ಹಳದಿ, ಧ್ವನಿಗೊಂದು ಬಿಳಿ.

ಮೇಷ್ಟ್ರು: ದೊಡ್ಡದರಲ್ಲಿ ಬಹುಕಾಲದಿಂದಲೂ ಹಿಮ ಸುರಿದಂತೆ ಚುಕ್ಕೆಗಳ ನಡುವೆ ಮಸುಕು ಚಿತ್ರ ಬರುತ್ತಿತ್ತು. ಆದಕಾರಣ ಮೊಮ್ಮಗನು ವೈರನ್ನು ಹಳದಿಗೆ ಬದಲಾಯಿಸಿದನು. ಈಗ ಹಳದಿಯೂ ಅದೇ ಹಾದಿ ಹಿಡಿದಿದೆ. ಮಸುಕಾಗಿಯಾದರೂ ಬರಬಾರದೇ, ಒಮ್ಮೆ ಪೂರ್ಣ ಬರುತ್ತದೆ, ಒಮ್ಮೆ ಪೂರ್ಣ ಹೋಗುತ್ತದೆ.

ಮೆಕ್ಯಾನಿಕ್: ರೋಗದ ಅರ್ಧವನ್ನು ತಾವೇ ಹೇಳಿಬಿಟ್ಟಿರಿ. ದೊಡ್ಡ ಸಾಕೆಟ್ಟಿನಲ್ಲಿ ಹರಿಯುವುದು ಸೆಕೆಂಡಿಗೆ ಕೋಟ್ಯಂತರ ಸಲ ಕಂಪಿಸುವ ರೇಡಿಯೋ ತರಂಗ. ನಡುವಣ ತಂತಿ ಕೂದಲೆಳೆಯಷ್ಟು ಕಡಿದಿದ್ದರೂ ಆ ತರಂಗವು ಕಂದಕವನ್ನು ಹಾರಿ ಅಷ್ಟಿಷ್ಟು ಆಚೆಗೆ ತಲಪುತ್ತದೆ, ಆದುದರಿಂದಲೇ ಮಸುಕು ಚಿತ್ರ. ಹಳದಿಯಲ್ಲಿ ಹರಿಯುವುದು ಹಾಗಲ್ಲ. ಅದು ಮೇಲಿನಿಂದ ಕೆಳಗಿನವರೆಗೆ ಒಟ್ಟು 1 ವೋಲ್ಟ್ ಅಂತರದ ನೇರ ಚಿತ್ರಸಂಕೇತ. ಅದಕ್ಕೆ ಸೇತುವೆ ಇದ್ದರೆ ದಾಟುವುದು, ಇಲ್ಲದಿದ್ದರೆ ಇಲ್ಲ. ಬಂದರೆ ಪೂರ್ಣ, ಹೋದರೆ ಪೂರ್ಣ ಎಂದು ತಾವು ಕಂಡದ್ದು ಅದಕ್ಕಾಗಿಯೇ.

ಮೇಷ್ಟ್ರು: ಹಾಗಾದರೆ ದೋಷವು ಸಾಕೆಟ್ಟಿನದೇ ಎಂದು ನಿಶ್ಚಯಿಸಬಹುದೇ? ವೈರಿನದು ಇರಬಾರದೇಕೆ?

ಮೆಕ್ಯಾನಿಕ್: ಇರಬಹುದು, ನಮ್ಮ ಕಸುಬಿನಲ್ಲಿ ಮೊದಲ ಸಂಶಯ ಬೀಳಬೇಕಾದದ್ದೂ ವೈರಿನ ಮೇಲೆಯೇ. ಪೆಟ್ಟಿಗೆ ಬಿಚ್ಚುವುದು ಸುಲಭ, ಮುಚ್ಚುವಾಗ ಒಂದು ಸ್ಕ್ರೂ ಉಳಿದುಕೊಳ್ಳುವುದು ಇನ್ನೂ ಸುಲಭ. ಇಗೋ, ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ ವೈರಿನ ಈ ತುದಿಯ ಮೊಳೆಗೂ ಆ ತುದಿಯ ಮೊಳೆಗೂ ಕಡ್ಡಿ ತಾಗಿಸಿದ್ದೇನೆ. ಪ್ಲಗ್ಗಿನ ಕತ್ತನ್ನು ಬಗ್ಗಿಸುತ್ತೇನೆ, ಸದ್ದು ತುಂಡಾಗಲಿಲ್ಲ. ಹೊರಗಿನ ಉಂಗುರದಿಂದ ಉಂಗುರಕ್ಕೂ ತುಂಡಾಗಲಿಲ್ಲ. ನಡುವಿನಿಂದ ಉಂಗುರಕ್ಕೆ ತಾಗಿಸಿದರೆ ಮೌನ. ಅದೂ ಸರಿಯೇ, ಅಲ್ಲಿ ಸದ್ದು ಬಂದಿದ್ದರೆ ಒಳಗೊಳಗೇ ಶಾರ್ಟಾಗಿದೆ ಎಂದರ್ಥ. ವೈರು ನಿರಪರಾಧಿ.

ಮೇಷ್ಟ್ರು: ಸಾಕೆಟ್ಟಾದರೋ ಲೋಹದ ಬಳೆ. ಅದು ತಾನಾಗಿ ಸವೆದು ಮುರಿಯುವಂಥ ಅಪರಾಧವನ್ನು ನಾನೇನು ಮಾಡಿದೆನೋ ತಿಳಿಯದು.

ಮೆಕ್ಯಾನಿಕ್: ಈ ಯಂತ್ರ ತಮ್ಮ ಮನೆಗೆ ಬಂದದ್ದು ಹೇಗೆ?

ಮೇಷ್ಟ್ರು: ಹಗರಿಬೊಮ್ಮನಹಳ್ಳಿಯಲ್ಲಿ ಟಿವಿ, ವಿಸಿಪಿಗಳನ್ನು ರಾತ್ರಿಯ ಬಾಡಿಗೆಗೆ ಕೊಡುತ್ತಿದ್ದವನೊಬ್ಬನು ಅಂಗಡಿ ಮುಚ್ಚುವಾಗ ಅರ್ಧ ಬೆಲೆಗೆ ಮಾರಿದನು.

ಮೆಕ್ಯಾನಿಕ್: ಅಂತೂ ಸಿಕ್ಕಿತು! ಆ ಕಾಲವನ್ನು ಸ್ಮರಿಸಿಕೊಳ್ಳಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಅದರ ಚಿತ್ರ ಕೂಡ್ಲಿಗಿಯ ಬಂಡೆಗುಡ್ಡಗಳನ್ನೂ ಹಡಗಲಿಯ ಹೊಳೆದಂಡೆಯನ್ನೂ ತಲಪುವುದೆಲ್ಲಿಂದ?

ಮೇಷ್ಟ್ರು: ಅದಕ್ಕೂ ಮುಂಚೆಯೇ ನಾನು ಟಿವಿ ನೋಡಿದವನು ಕಾಣಪ್ಪಾ. 1975ರಿಂದ 1976ರವರೆಗೆ ಒಂದು ವರ್ಷಪರ್ಯಂತ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ಸರಕಾರವು ಕಾರ್ಯಕ್ರಮಗಳನ್ನು ಬಿತ್ತರಿಸಿದ ಆ ‘ಸೈಟ್’ ಪ್ರಯೋಗದಲ್ಲಿ ನಮ್ಮ ನೆರೆಯ ರಾಯಚೂರು ಜಿಲ್ಲೆಯೂ ಇದ್ದಿತು. ಬಂಧುಗಳ ಊರಿಗೆ ಹೋಗಿದ್ದಾಗ ಕೋಳಿಬಲೆಯಂಥ ತಂತಿಜಾಲರಿಯ ದೊಡ್ಡ ಛತ್ರಿಯ ಕೆಳಗೆ, ಊರಿಗೆ ಊರೇ ನೆಲದ ಮೇಲೆ ಕುಳಿತು ವ್ಯವಸಾಯದ ಪಾಠ ಕೇಳುತ್ತಿದ್ದುದನ್ನು ಕಣ್ಣಾರೆ ಕಂಡೆ. ಗಡಿಯ ಈಚೆಗಿದ್ದ ಬಳ್ಳಾರಿ ಜಿಲ್ಲೆಯವರಾದ ನಮಗೆ ಆ ಭಾಗ್ಯ ಬರಲಿಲ್ಲವೆಂದು ಕರುಬಿದ್ದೂ ಉಂಟು.

ಮೆಕ್ಯಾನಿಕ್: ಆ ಕರುಬನ್ನು ತೀರಿಸಿದ್ದೇ ಈ ಬಾಡಿಗೆ ವಿಸಿಪಿಗಳು. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ, ಉಚ್ಚಂಗಿದುರ್ಗದ ಹುಣ್ಣಿಮೆ, ಮದುವೆಯ ಹಿಂದಿನ ರಾತ್ರಿ, ಗಣೇಶನ ಪೆಂಡಾಲು, ಇವೆಲ್ಲವುಗಳಿಗೂ ಒಂದು ಟಿವಿ, ಒಂದು ವಿಸಿಪಿ, ಮೂರು ಕ್ಯಾಸೆಟ್ಟು ಎಂಬ ಲೆಕ್ಕದಲ್ಲಿ ಯಂತ್ರಗಳು ಟ್ರ್ಯಾಕ್ಟರಿನ ಟ್ರೈಲರಿನಲ್ಲಿಯೋ ಬಸ್ಸಿನ ಮೇಲೆಯೋ ಊರಿಂದೂರಿಗೆ ಪ್ರಯಾಣ ಮಾಡುತ್ತಿದ್ದವು. ಹೋದ ಊರಿನಲ್ಲೆಲ್ಲಾ ಚುಚ್ಚುವುದು, ಬೆಳಗಾದ ಮೇಲೆ ಕೀಳುವುದು. ಕೀಳುವ ಹುಡುಗನೋ ನಿದ್ದೆಗಣ್ಣಿನವನು. ಪ್ಲಗ್ಗು ಹಿಡಿದು ಕೀಳುವುದರ ಬದಲಾಗಿ ವೈರು ಹಿಡಿದು ಜಗ್ಗಿದನೆಂದರೆ ಆ ಜಗ್ಗಾಟವೆಲ್ಲ ಸಾಕೆಟ್ಟಿನ ಕಾಲುಗಳಿಗೇ.

ಮೇಷ್ಟ್ರು: ಯಂತ್ರದ ಪೂರ್ವಾಶ್ರಮವು ಇಂತಪ್ಪುದೆಂದು ಮಾರಿದವನು ಹೇಳಲೇ ಇಲ್ಲ.

ಮೆಕ್ಯಾನಿಕ್: ಹೇಳಿದ್ದರೆ ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಇನ್ನೊಂದು ಮಾತಿದೆ. ಈ ಹಳದಿ ಬಿಳಿ ಸಾಕೆಟ್ಟಿನ ಜಾತಿಗೆ ಆರ್‌ಸಿಎ ಎಂದು ಹೆಸರು. 1930ರ ದಶಕದಲ್ಲಿ ಆ ಹೆಸರಿನ ಅಮೆರಿಕದ ರೇಡಿಯೋ ಕಂಪನಿಯು, ತನ್ನ ಬೀರುವಿನಂಥ ರೇಡಿಯೋಗಳೊಳಗೆ ಗ್ರಾಮೊಫೋನನ್ನು ರೇಡಿಯೋಕ್ಕೆ ಜೋಡಿಸಲೆಂದು ಅಗ್ಗವಾಗಿ ರೂಪಿಸಿದ್ದು. ರಿಪೇರಿಯವನು ಎಂದಾದರೊಮ್ಮೆ ಬಂದಾಗ ಮಾತ್ರ ಬಿಚ್ಚಿಕೊಳ್ಳಲಿ, ಉಳಿದ ಕಾಲವೆಲ್ಲ ಪೆಟ್ಟಿಗೆಯ ಕತ್ತಲೊಳಗೆ ನಿಶ್ಚಲವಾಗಿರಲಿ ಎಂಬುದು ಅದನ್ನು ಕಲ್ಪಿಸಿದವರ ಉದ್ದೇಶ. ಒಳಮನೆಯಲ್ಲಿ ಬಾಳಬೇಕಾದುದನ್ನು ಹೊರಗೋಡೆಗೆ ತಂದು ನಿಲ್ಲಿಸಿ, ಜಾತ್ರೆಯಿಂದ ಜಾತ್ರೆಗೆ ಓಡಾಡಿಸಿದವರು ಅವರ ತರುವಾಯ ಬಂದವರು. ನನ್ನ ಮತದಲ್ಲಿ ಇದು ಸಾಕೆಟ್ಟಿನ ದೋಷವಲ್ಲ. ಅದಕ್ಕೆ ಒಪ್ಪದ ಭಾರವನ್ನು ಹೊರಿಸಿದ್ದರ ಫಲ.

ಮೇಷ್ಟ್ರು: ನ್ಯಾಯವಾದಿಯಂತೆ ವಾದಿಸುತ್ತೀಯೆ. ಸರಿ, ಬಿಚ್ಚು ನೋಡೋಣ.

ಮೆಕ್ಯಾನಿಕ್: ಒಂದು ಕ್ಷಣ. ಕರೆಂಟಿನ ಪ್ಲಗ್ಗನ್ನು ಮೊದಲು ತೆಗೆಯಬೇಕು; ಸ್ವಿಚ್ಚು ಆರಿಸಿದ್ದರಷ್ಟೇ ಸಾಲದು. ತೆಗೆದ ಮೇಲೆಯೂ ಸ್ವಲ್ಪ ಕಾಯುವುದು ಲೇಸು. ಇದರೊಳಗಿರುವುದು ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್, ಅದರಾಚೆ ಬರುವುದು ಕಡಿಮೆ ವೋಲ್ಟೇಜು. ಅದರಿಂದ ಅಷ್ಟು ಭಯವಿಲ್ಲ. ಆದರೆ ಈಚಿನ ಡಿವಿಡಿ ಪ್ಲೇಯರು, ಸೆಟ್ ಟಾಪ್ ಬಾಕ್ಸುಗಳಲ್ಲಿ 230 ವೋಲ್ಟಿನ ಕರೆಂಟನ್ನು ನೇರವಾಗಿ ಡಿಸಿ ಮಾಡುವುದರಿಂದ, ಕಿರುಬೆರಳುದ್ದದ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ಕೂತಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಹೊಂಚುಹಾಕಿ ಕಾಯುವುದುಂಟು. ಮೀಟರಿನಿಂದ ಅಳೆದು, ಇಳಿದಿದೆಯೆಂದು ಕಂಡ ಮೇಲೆಯೇ ಕೈಯಿಡಬೇಕು. ಮನೆಯಲ್ಲಿ ಯೂಟ್ಯೂಬು ನೋಡಿ ಬಿಚ್ಚುವ ಹುಡುಗರಿಗೆ ಇದೊಂದನ್ನು ಹೇಳಿಕೊಡಿ ಮೇಷ್ಟ್ರೇ, ಮಿಕ್ಕಿದ್ದನ್ನು ಅವರೇ ಕಲಿಯುತ್ತಾರೆ.

ಮೇಷ್ಟ್ರು: ಆಹಾ, ಒಳಗೆ ಎಷ್ಟು ಧೂಳು! ಇದು ನಮ್ಮ ಊರಿನದೋ ಹಗರಿಬೊಮ್ಮನಹಳ್ಳಿಯದೋ?

ಮೆಕ್ಯಾನಿಕ್: ಇದು ಓಡಾಡಿದ ಎಲ್ಲ ತಾಲ್ಲೂಕುಗಳದೂ ಇದ್ದೀತು. ಕೆಂಪು ನೆಲದ ಗಾಳಿ, ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟು, ರಸ್ತೆಯ ಮಣ್ಣು. ಬ್ರಷ್ಷಿನಿಂದ ಮೆಲ್ಲಗೆ ತೆಗೆಯೋಣ. ಈಗ ಈ ಭೂತಗನ್ನಡಿಯಲ್ಲಿ ನೋಡಿ, ಇದು ಬೋರ್ಡಿನ ತಳಭಾಗ. ಹಳದಿ ಸಾಕೆಟ್ಟಿನ ಕಾಲು ಬೋರ್ಡಿನ ರಂಧ್ರದಿಂದ ಹೊರಬಂದು ಬೆಸುಗೆಯ ಗುಡ್ಡೆಯಲ್ಲಿ ಹುದುಗಿದೆಯಲ್ಲವೇ? ಆ ಗುಡ್ಡೆಯ ಸುತ್ತ ಏನು ಕಾಣುತ್ತದೆ?

ಮೇಷ್ಟ್ರು: ಕಪ್ಪು ಗೆರೆ. ಉಂಗುರದಂತೆ ಸುತ್ತಿಬಂದಿದೆ.

ಮೆಕ್ಯಾನಿಕ್: ಅದೇ ಬಿರುಕು. ಕಾಲೂ ಇದೆ, ಬೆಸುಗೆಯೂ ಇದೆ, ಎರಡಕ್ಕೂ ನಡುವೆ ಸಂಬಂಧ ಮಾತ್ರ ಇಲ್ಲ. ಎಡಕ್ಕೆ ಒತ್ತಿದಾಗ ಕಾಲು ಬೆಸುಗೆಗೆ ತಾಗುತ್ತದೆ, ಬಿಟ್ಟಾಗ ಅಗಲುತ್ತದೆ. ಬಿಳಿಯದರ ಉಂಗುರದ ಕಾಲೂ ಬಿಟ್ಟುಕೊಂಡಿದೆ; ತಮಗೆ ಧ್ವನಿಯಲ್ಲಿ ‘ಗುಂ’ ಎಂಬ ಮೊರೆತ ಕೇಳಿಸುತ್ತಿತ್ತೇ?

ಮೇಷ್ಟ್ರು: ಕೇಳಿಸುತ್ತಿತ್ತು. ಕ್ಯಾಸೆಟ್ಟು ಹಳೆಯದಾದುದರಿಂದ ಹಾಗೆಂದು ತಿಳಿದಿದ್ದೆ.

ಮೆಕ್ಯಾನಿಕ್: ಕ್ಯಾಸೆಟ್ಟಿನಲ್ಲಿ ಆ ಮೊರೆತವಿರದು, ಗ್ರೌಂಡು ಬಿಟ್ಟುಹೋದ ವೈರು ಮನೆಯ 50 ಹರ್ಟ್ಸ್ ಕರೆಂಟಿನ ನೆರಳನ್ನು ಹಿಡಿದುಕೊಂಡು ಹಾಡುತ್ತದೆ. ಈಗ ಇದರ ಮೇಲೆ ಒಂದು ಹನಿ ಹೊಸ ಬೆಸುಗೆ ಹಾಕಿ ಕೊಟ್ಟರೆ ಇವೊತ್ತೇ ಚಿತ್ರ ಬರುತ್ತದೆ, ಐವತ್ತು ರೂಪಾಯಿಯಲ್ಲಿ ಮುಗಿಯುತ್ತದೆ, ಒಂದು ತಿಂಗಳಿಗೆ ಮತ್ತೆ ಬಿರುಕು ಬಿಡುತ್ತದೆ. ಹಳೆಯ ಬೆಸುಗೆಯೊಳಗಿನ ಕಿಲುಬು ಹೊಸತರೊಳಗೂ ಸೇರಿಕೊಳ್ಳುವುದಷ್ಟೇ ಆ ಕೆಲಸದ ಲಾಭ. ಇದನ್ನು ಪೂರ್ತಿ ಹೀರಿ ತೆಗೆಯಬೇಕು. 25 ವಾಟಿನ ಕಾವುಕಡ್ಡಿ ಇದು. ತವರ 60, ಸೀಸ 40 ಭಾಗದ ತಂತಿ 190 ಡಿಗ್ರಿಯ ಹೊತ್ತಿಗೆ ನೀರಾಗುತ್ತದೆ. ಕರಗಿದೊಡನೆ ಈ ಪಂಪಿನ ಗುಂಡಿ ಒತ್ತಿದರೆ, ಟಪ್ಪೆಂದು ಒಳಗೆಳೆದುಕೊಳ್ಳುತ್ತದೆ. ನೋಡಿದಿರಾ, ಕಾಲು ಬರಿದಾಯಿತು.

ಮೇಷ್ಟ್ರು: ಕಡ್ಡಿಯನ್ನು ಅಷ್ಟು ಬೇಗನೆ ಏಕೆ ಎತ್ತಿದೆ? ಇನ್ನೂ ಸ್ವಲ್ಪ ಉಳಿದಿದೆಯಲ್ಲ.

ಮೆಕ್ಯಾನಿಕ್: ಈ ಬೋರ್ಡು ಕಾಗದಕ್ಕೆ ರಾಳದ ಪಾಕ ಕುಡಿಸಿ ಒತ್ತಿದ ಕಂದು ಹಲಗೆ, ತಾಮ್ರದ ಗೆರೆಯನ್ನು ಅದಕ್ಕೆ ಅಂಟಿಸಿರುವುದು ಅಂಟಿನಿಂದ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಿದರೆ ಅಂಟು ಸೋತು ತಾಮ್ರ ಎದ್ದುಬರುತ್ತದೆ. ಹಿಂದಿನವನು ಯಾರೋ ಹಾಗೆ ಎಬ್ಬಿಸಿದ್ದಾನೆ, ಇಲ್ಲಿ ನೋಡಿ, ಹಳದಿಯ ನಡುಗಾಲಿನ ಬಳಿ ಗೆರೆ ಸೀಳಿದೆ. ಅದಕ್ಕೂ ಉಪಾಯವಿದೆ: ಗೆರೆಯ ಮೇಲಣ ಹಸಿರು ವಾರ್ನಿಷನ್ನು ಬ್ಲೇಡಿನಿಂದ ಅಕ್ಕಿಕಾಳಿನಷ್ಟು ಕೆರೆದು, ತಾಮ್ರ ಹೊಳೆದ ಮೇಲೆ ಅಲ್ಲಿಂದ ಕಾಲಿನವರೆಗೆ ತೆಳ್ಳನೆಯ ತಂತಿಯೊಂದನ್ನು ಹಾಯಿಸುವುದು. ನೋಡಲು ಚೆಂದವಿಲ್ಲ, ಕೆಲಸಕ್ಕೆ ಮೊದಲಿನದಕ್ಕಿಂತ ಗಟ್ಟಿ.

ಮೇಷ್ಟ್ರು: ಸಾಕೆಟ್ಟೇ ಬೇರೆ ಹಾಕುವೆಯೋ?

ಮೆಕ್ಯಾನಿಕ್: ಹೊಸದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋದರೂ ಈ ಅಳತೆಯ ಜೋಡಿ ಸಿಕ್ಕುವುದು ಅದೃಷ್ಟವಿದ್ದರೆ. ಅದರ ಬದಲು ಈ ಮೂಟೆಯಲ್ಲಿ ಸತ್ತ ಡಿವಿಡಿ ಪ್ಲೇಯರುಗಳಿವೆ, ಗುಜರಿಯವನಿಂದ ಕಿಲೋ ಲೆಕ್ಕದಲ್ಲಿ ಕೊಂಡವು. ಬೇಕಾದರೆ ಅವುಗಳಿಂದ ಕಿತ್ತು ಹೊಂದಿಸಬಹುದು. ಆದರೆ ತಮ್ಮದರ ಲೋಹ ಚೆನ್ನಾಗಿದೆ. ಒಳಗಿನ ಎಸಳುಗಳು ಸ್ವಲ್ಪ ಅಗಲಿವೆ, ಸೂಜಿಯ ತುದಿಯಿಂದ ಒಳಕ್ಕೆ ಒತ್ತಿದರೆ ಬಿಗಿಯಾಗುತ್ತವೆ. ಕಿಲುಬಿಗೆ ಹತ್ತಿಕಡ್ಡಿಯಲ್ಲಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲು, ಸವರಿದರೆ ಸಾಕು. ಬ್ಲೇಡು, ಉಪ್ಪುಕಾಗದ ಮುಟ್ಟಿಸಬಾರದು. ಮೇಲಣ ನಿಕ್ಕಲ್ ಲೇಪ ಹೋದರೆ ಕೆಳಗಿನ ಹಿತ್ತಾಳೆ ಮುಂದಿನ ಮಳೆಗಾಲದಲ್ಲೇ ಕಪ್ಪಾಗುತ್ತದೆ.

ಮೇಷ್ಟ್ರು: ಹಾಗಾದರೆ ಬೆಸುಗೆ ಬಿರುಕು ಬಿಡಲು ಜಗ್ಗಾಟವೊಂದೇ ಕಾರಣವೆನ್ನುವೆಯಾ? ನನ್ನ ಮನೆಗೆ ಬಂದ ಮೇಲೆ ಯಾರೂ ಜಗ್ಗಲಿಲ್ಲ. ಬೀರುವಿನೊಳಗೆ ದೇವರಂತೆ ಕುಳಿತಿತ್ತು.

ಮೆಕ್ಯಾನಿಕ್: ಅದನ್ನೇ ಹೇಳಬೇಕೆಂದಿದ್ದೆ. ಈ ಎರಡು ಸಾಕೆಟ್ಟುಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಒಂದು ತೂತು ಕಾಣುತ್ತದೆ. ಹಿಂಬದಿಯ ತಗಡಿನಲ್ಲಿಯೂ ಅದಕ್ಕೆ ಸರಿಯಾಗಿ ಇನ್ನೊಂದು ತೂತಿದೆ. ಯಂತ್ರ ತಯಾರಿಸಿದವರು ಅಲ್ಲೊಂದು ಸ್ಕ್ರೂ ಕೊಟ್ಟು ಸಾಕೆಟ್ಟನ್ನು ತಗಡಿಗೆ ಬಿಗಿದಿದ್ದರು. ವೈರಿನ ಭಾರ, ಚುಚ್ಚುವ ಒತ್ತಡ, ಕೀಳುವ ಸೆಳೆತ ಎಲ್ಲವನ್ನೂ ತಗಡು ಹೊರಲಿ, ಬೆಸುಗೆಗೆ ಚಿತ್ರವನ್ನು ದಾಟಿಸುವ ಕೆಲಸವೊಂದೇ ಉಳಿಯಲಿ ಎಂಬುದು ಅವರ ಯೋಜನೆ. ಯಾವನೋ ರಿಪೇರಿಯವನು ಮುಚ್ಚುವಾಗ ಆ ಸ್ಕ್ರೂ ಹಾಕದೆ ಬಿಟ್ಟ. ಅಂದಿನಿಂದ ಗೋಡೆಯ ಭಾರವೆಲ್ಲ ಸುಣ್ಣದ ಮೇಲೆ ಬಂತು. ಬೀರುವಿನಲ್ಲಿ ಅಲ್ಲಾಡದೆ ಇದ್ದರೂ, ದಪ್ಪ ವೈರು ಹಿಂಬದಿಯ ಹಲಗೆಗೆ ತಾಗಿ ಮಡಿಚಿ, ಹಗಲಿರುಳೂ ಸಾಕೆಟ್ಟನ್ನು ಒಂದೇ ಕಡೆ ಒತ್ತುತ್ತಲೇ ಇತ್ತು.

ಮೇಷ್ಟ್ರು: ಒಂದು ಸ್ಕ್ರೂ!

ಮೆಕ್ಯಾನಿಕ್: ಒಂದೇ. ಈ ಡಬ್ಬಿಯಲ್ಲಿ ಹುಡುಕಿದರೆ ಹೊಂದುವಂಥದು ಸಿಕ್ಕೀತು. ಸ್ಕ್ರೂ ಮೊದಲು, ಬೆಸುಗೆ ಆಮೇಲೆ. ಈ ಕ್ರಮ ತಪ್ಪಬಾರದು. ಬೆಸುಗೆ ಆರಿದ ಮೇಲೆ ಸ್ಕ್ರೂ ಬಿಗಿದರೆ ಸಾಕೆಟ್ಟು ತುಸು ಸರಿದು, ಆಗತಾನೇ ಹಾಕಿದ ಬೆಸುಗೆಯೊಳಗೆ ಎಳೆತ ಉಳಿದುಬಿಡುತ್ತದೆ. ಅಂಟು ಸುರಿದು ಸಾಕೆಟ್ಟನ್ನು ಕೂಡಿಸುವವರೂ ಇದ್ದಾರೆ. ನನಗೆ ಅದು ಸೇರದು. ಮುಂದೆ ಬಿಚ್ಚುವವನಿಗೆ ನಾವು ಮಾಡುವ ದ್ರೋಹ ಅದು.

ಮೇಷ್ಟ್ರು: ಇಲ್ಲಿ ಬಿಚ್ಚಿ ಅಲ್ಲಿ ಚುಚ್ಚಿ ಕಾಲು ಸಡಿಲವಾಗುವುದನ್ನು ಹರಪನಹಳ್ಳಿಯವರಿಗೆ ಹೇಳಿಕೊಡಬೇಕಾದದ್ದಿಲ್ಲ. ನಮ್ಮ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಚುಚ್ಚಿದರು. ಅಲ್ಲಿಂದ ತೆಗೆದು ಮರಳಿ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ. ನನ್ನ ಪಿಂಚಣಿಯ ಕಾಗದಗಳು ಯಾವ ಸಾಕೆಟ್ಟಿನಲ್ಲಿವೆಯೋ ಖಜಾನೆಯವರೇ ಬಲ್ಲರು.

ಮೆಕ್ಯಾನಿಕ್: ಅದಕ್ಕೆ ಬೇಕಾದ ಸ್ಕ್ರೂ ನನ್ನ ಡಬ್ಬಿಯಲ್ಲಿಲ್ಲ ಮೇಷ್ಟ್ರೇ.

ಮೇಷ್ಟ್ರು: ಇರಲಿ. ಈಗಿನ ಟಿವಿಗಳಲ್ಲಿ ಚಪ್ಪಟೆ ಬಾಯಿಯ ಎಚ್‌ಡಿಎಂಐ ಇದೆಯಲ್ಲ, ಅದಾದರೂ ಗಟ್ಟಿಯೋ?

ಮೆಕ್ಯಾನಿಕ್: ಕಾಗದದ ಮೇಲೆ ಗಟ್ಟಿ, ಹತ್ತು ಸಾವಿರ ಸಲ ಚುಚ್ಚಿ ಕಿತ್ತರೂ ತಡೆಯಬೇಕೆಂಬುದು ಅದರ ಮಾನದಂಡ. ಆದರೆ ಅಷ್ಟು ಸಣ್ಣ ಬಾಯೊಳಗೆ 19 ಕಾಲುಗಳು, ಒಂದರಿಂದೊಂದಕ್ಕೆ ಅರ್ಧ ಮಿಲಿಮೀಟರ್. ಒಂದು ಮುರಿದರೆ ಈ ಕಾವುಕಡ್ಡಿಯಿಂದ ಆಗದು, ಬಿಸಿಗಾಳಿಯ ಯಂತ್ರವೂ ಸೂಕ್ಷ್ಮದರ್ಶಕವೂ ಬೇಕು. ಟಿವಿಯನ್ನು ಗೋಡೆಗೆ ತಾಗಿಸಿ ನೇತುಹಾಕಿ, ದಪ್ಪ ಕೇಬಲನ್ನು ನೇರವಾಗಿ ಚುಚ್ಚಿ ಗೋಡೆಗೆ ಒತ್ತಿ ಮಡಿಸುವ ಮನೆಗಳನ್ನು ಕಂಡಾಗ ನನಗೆ ಮೈ ಜುಮ್ಮೆನ್ನುತ್ತದೆ. ಅಡ್ಡ ತಿರುಗಿದ ತಲೆಯ ಜೋಡಣೆಯೊಂದನ್ನು ಹಾಕಿದರೆ ಆ ಸಾಕೆಟ್ಟು ಉಳಿಯುತ್ತದೆ. ಒಂದು ವಿಷಯದಲ್ಲಿ ಮಾತ್ರ ಹೊಸದನ್ನು ಹೊಗಳಬೇಕು. ಎಚ್‌ಡಿಎಂಐಯಲ್ಲಿ ಹೊರಗಿನ ಕವಚವೇ ಮೊದಲು ತಾಗುತ್ತದೆ, ಒಳಗಿನ ಕಾಲುಗಳು ಆಮೇಲೆ. ಈ ಆರ್‌ಸಿಎಯಲ್ಲಿ ತಲೆಕೆಳಗು: ನಡುವಣ ಮೊಳೆ ಮೊದಲು ತಾಗಿ, ಗ್ರೌಂಡಿನ ಉಂಗುರ ತಡವಾಗಿ ತಾಗುತ್ತದೆ.

ಮೇಷ್ಟ್ರು: ಅದರಿಂದ ಅಪಾಯವೇನು?

ಮೆಕ್ಯಾನಿಕ್: ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸೆಟ್ ಟಾಪ್ ಬಾಕ್ಸಿನ ಮೈಯನ್ನು ಬರಿಗಾಲಿನಲ್ಲಿ ಮುಟ್ಟಿದಾಗ ಬೆರಳಿಗೆ ಚುಮುಚುಮು ಎಂದದ್ದನ್ನು ಕಂಡಿರುವಿರಾ? ಒಳಗಿನ ಸಣ್ಣ ಕೆಪಾಸಿಟರುಗಳ ಮೂಲಕ ಅಲ್ಪಸ್ವಲ್ಪ ಕರೆಂಟು ಮೈಗೆ ಸೋರುತ್ತಿರುತ್ತದೆ. ಆ ಸ್ಥಿತಿಯಲ್ಲಿ ವೈರು ಚುಚ್ಚಿದರೆ ಸೋರಿದ್ದೆಲ್ಲ ಮೊದಲು ತಾಗಿದ ನಡುಮೊಳೆಯ ಮೂಲಕ ಟಿವಿಯ ಸೂಕ್ಷ್ಮವಾದ ಐಸಿಯೊಳಗೆ ನುಗ್ಗಬಹುದು. ಆದುದರಿಂದ ಎರಡೂ ಯಂತ್ರಗಳ ಕರೆಂಟಿನ ಪ್ಲಗ್ಗು ತೆಗೆದು, ಚಿತ್ರದ ವೈರು ಚುಚ್ಚಿ, ಆಮೇಲೆ ಕರೆಂಟು ಕೊಡಬೇಕು. ನಮ್ಮ ಕಡೆಯ ಒಣನೆಲದಲ್ಲಿ ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ತುಂಬಿದರೂ ಬೇಸಗೆಯಲ್ಲಿ ಅಷ್ಟು ನೀರು ಹೊಯ್ಯದಿದ್ದರೆ ಅದು ಹೆಸರಿಗೆ ಮಾತ್ರ ಅರ್ಥಿಂಗ್. ಕೂಡ್ಲಿಗಿಯ ಕಡೆಯಿಂದ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಮರುದಿನ ಸುಟ್ಟ ಬಾಕ್ಸುಗಳು ಚೀಲಗಟ್ಟಲೆ ಬರುತ್ತವೆ. ಡಿಶ್ ಛತ್ರಿಯ ವೈರು ಕಿತ್ತಿಟ್ಟಿದ್ದರೆ ಅವುಗಳಲ್ಲಿ ಬಹುಪಾಲು ಉಳಿಯುತ್ತಿದ್ದವು.

ಮೇಷ್ಟ್ರು: ದೊಡ್ಡ ಸಾಕೆಟ್ಟನ್ನೂ ಇಂದೇ ಸರಿಮಾಡುವೆಯಾ?

ಮೆಕ್ಯಾನಿಕ್: ಮಾಡಬಹುದು, ಆದರೆ ಬೇಡವೆಂಬುದು ನನ್ನ ಸಲಹೆ. ಅದು ತಗಡಿನ ಡಬ್ಬಿಗೆ ಒತ್ತಿ ಕೂಡಿಸಿದ ಸಾಕೆಟ್ಟು. ಡಬ್ಬಿಯನ್ನು ಪೂರ್ತಿ ಕಾಯಿಸದೆ ಬೆಸುಗೆ ಹಿಡಿಯದು, ಕಾಯಿಸಿದರೆ ಒಳಗಿನ ಸಣ್ಣ ಭಾಗಗಳು ಬಳಲುತ್ತವೆ. ಟಿವಿಯಲ್ಲಿ ಬಣ್ಣದ ತೂತುಗಳೇ ಇಲ್ಲದ ಕಾಲಕ್ಕೆ ಅದು ಅನಿವಾರ್ಯವಾಗಿತ್ತು. ಈಗ ಹಳದಿಯ ಚಿತ್ರವೇ ಅದಕ್ಕಿಂತ ಸ್ವಚ್ಛ. ಅದಿರಲಿ, ಈ ಯಂತ್ರದ ಮೇಲೆ ಇಷ್ಟೊಂದು ಮಮತೆ ಏಕೆಂದು ಕೇಳಬಹುದೇ?

ಮೇಷ್ಟ್ರು: ಯಂತ್ರದ ಮೇಲಲ್ಲ. ಊರಿನಲ್ಲಿ ಆಡಿದ ದೊಡ್ಡಾಟವೊಂದನ್ನು ಮದುವೆ ವೀಡಿಯೋದವನಿಂದ ತೆಗೆಸಿದ್ದೆವು. ಬೆಳತನಕ ಕುಣಿದವರಲ್ಲಿ, ಹಿಮ್ಮೇಳದವರಲ್ಲಿ ಹಲವರು ಈಗಿಲ್ಲ. ಆ ಕುಣಿತದ ಹೆಜ್ಜೆಗಳನ್ನು ಈಗಿನ ಹುಡುಗರಿಗೆ ತೋರಿಸೋಣವೆಂದರೆ ಬಲ್ಲವರೂ ಇಲ್ಲ. ಉಳಿದಿರುವುದು ಆ ಕ್ಯಾಸೆಟ್ಟುಗಳು ಮಾತ್ರ.

ಮೆಕ್ಯಾನಿಕ್: ಹಾಗಿದ್ದರೆ ಎಸೆಯದೆ ತಂದದ್ದು ಸರ್ವಥಾ ಸರಿ. ಹೊಸ ಯಂತ್ರ ಕೊಳ್ಳೋಣವೆಂದರೆ ಸಿಕ್ಕುವುದಿಲ್ಲ; ಜಗತ್ತಿನಲ್ಲಿ ಕಡೆಯವರೆಗೂ ಇವನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿಯವರೂ 2016ರಲ್ಲಿ ನಿಲ್ಲಿಸಿಬಿಟ್ಟರು. ಹಳದಿ ಬಿಳಿ ವೈರನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸಾಧನ ನನ್ನಲ್ಲಿದೆ. ಕ್ಯಾಸೆಟ್ಟು ಮೂರು ಗಂಟೆಯದಾದರೆ ನಕಲು ಮಾಡಲೂ ಮೂರು ಗಂಟೆಯೇ ಹಿಡಿಯುತ್ತದೆ. ಅವಸರಪಡಿಸಿದರೆ ಓಡುವ ಜಾತಿಯದಲ್ಲ ಅದು. ಆಮೇಲೆ ಮೊಮ್ಮಗನ ಫೋನಿನಲ್ಲೇ ಕುಣಿತ ನೋಡಬಹುದು.

ಮೇಷ್ಟ್ರು: ಇದೋ, ಮೊದಲ ಕ್ಯಾಸೆಟ್ಟನ್ನು ಚೀಲದಲ್ಲಿ ತಂದೇ ಇದ್ದೇನೆ. ಹಾಕು.

ಮೆಕ್ಯಾನಿಕ್: ಇದನ್ನು ಈಗಲೇ ಹಾಕುವುದಿಲ್ಲ. ಸಾಕೆಟ್ಟು ಸರಿಯಾಯಿತೆಂದು ಯಂತ್ರವೆಲ್ಲ ಸರಿಯಾದಂತಲ್ಲ. ಇದರೊಳಗಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ವರ್ಷಗಟ್ಟಲೆ ಕೂತ ರಬ್ಬರಿನ ಉರುಳೆ ಎಲ್ಲಿಯಾದರೂ ಜಿಗುಟಾಗಿದ್ದರೆ ಟೇಪನ್ನು ನುಂಗಿಬಿಡುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ, ಸುರುಳಿಯ ಅಂಚಿನಲ್ಲಿ ಬಿಳಿಯ ಬೂಸಲೇನಾದರೂ ಕಾಣುವುದೇ?

ಮೇಷ್ಟ್ರು: ಕಾಣದು. ಕಪ್ಪಾಗಿಯೇ ಇದೆ.

ಮೆಕ್ಯಾನಿಕ್: ಒಳ್ಳೆಯದಾಯಿತು. ಆದರೂ ಹೋದರೆ ಹೋಗಲಿ ಎನ್ನುವಂಥ ಕ್ಯಾಸೆಟ್ಟೊಂದನ್ನು ಮೊದಲು ಅರ್ಧ ಗಂಟೆ ಓಡಿಸಿ, ಹಿಂದಕ್ಕೆ ಸುತ್ತಿ, ಟೇಪಿನಲ್ಲಿ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆಂದೇ ಒಂದನ್ನು ಇಟ್ಟಿದ್ದೇನೆ.

ಮೇಷ್ಟ್ರು: ಅದರಲ್ಲಿರುವುದೇನು?

ಮೆಕ್ಯಾನಿಕ್: ನನ್ನ ಮದುವೆ.